ವಾರ್ಡ್‌ನಿಂದ ಸಾರ್ವಜನಿಕ ಆರೋಗ್ಯದ ಕಡೆಗೆ: ಯಾವ ಪಿಜಿ ಮಾಡಲಿ, ಮೇಡಂ?

ಪ್ರಶ್ನೆ: ನಮಸ್ತೆ ಮೇಡಂ. ಬಿಎಸ್ಸಿ ನರ್ಸಿಂಗ್ ಮುಗಿಸಿ ಬಹಳ ವರ್ಷದಿಂದ ಮಕ್ಕಳ ವಾರ್ಡ್‌ನಲ್ಲಿದ್ದೇನೆ. ವಾಂತಿ ಭೇದಿ ಅಂತ ಬಂದ ಮಗುವಿಗೆ ಡ್ರಿಪ್ ಹಾಕಿ, ಸುಧಾರಿಸಿ ಕಳಿಸುತ್ತೇವೆ. ಸ್ವಲ್ಪ ದಿನಕ್ಕೆ ಅದೇ ಮಗು ಮತ್ತೆ ಬರುತ್ತದೆ. ಕಾಯಿಲೆ ಶುರುವಾಗುವ ಜಾಗದಲ್ಲೇ ಕೆಲಸ ಮಾಡಬೇಕು ಅನ್ನಿಸಿದೆ. ಕಮ್ಯುನಿಟಿ ಹೆಲ್ತ್ ನರ್ಸಿಂಗ್‌ನಲ್ಲಿ ಎಂಎಸ್ಸಿ ಮಾಡಲಾ, ಎಂಪಿಎಚ್ (ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ) ಮಾಡಲಾ?

ಉತ್ತರ: ನಮಸ್ತೆ. ಓದು ಮುಗಿದ ಮೇಲೆ ಜನರ ಮನೆಗಳಿಗೆ ಹೋಗುವ ಕೆಲಸ ಬೇಕಾ, ಕಾರ್ಯಕ್ರಮ ರೂಪಿಸುವ ಕೆಲಸ ಬೇಕಾ, ಅದನ್ನು ಮೊದಲು ತೀರ್ಮಾನಿಸಿ. ಎಂಪಿಎಚ್ ಕ್ಲಾಸಿನಲ್ಲಿ ಡಾಕ್ಟರು, ಸಮಾಜಶಾಸ್ತ್ರ ಓದಿದವರು, ಲೆಕ್ಕದವರು ಎಲ್ಲರೂ ಇರುತ್ತಾರೆ. ಯೋಜನೆ, ನೀತಿ, ರೋಗಗಳ ನಿಗಾ, ಇವುಗಳಿಗೆ ಅದು ಒಳ್ಳೆಯದು. ಆದರೆ ಒಂದು ಕುಟುಂಬವನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ನೋಡಿಕೊಳ್ಳುವುದನ್ನು ನರ್ಸಿಂಗ್ ಪಿಜಿಯಲ್ಲೇ ಜಾಸ್ತಿ ಕಲಿಸುತ್ತಾರೆ.

ನರ್ಸ್ ಏಕೆ ಬೇಕು ಅನ್ನುವುದಕ್ಕೆ ನಾನು ಯಾವಾಗಲೂ 1902ರ ನ್ಯೂಯಾರ್ಕ್ ಶಾಲೆಗಳ ಕಥೆ ಹೇಳುತ್ತೇನೆ. ಕಣ್ಣಿನ ಸೋಂಕು, ಹೇನು, ಚರ್ಮರೋಗ ಇದ್ದ ಮಕ್ಕಳನ್ನು ಡಾಕ್ಟರು ಗುರುತಿಸಿ ಮನೆಗೆ ಕಳಿಸುತ್ತಿದ್ದರು. ಮನೆಯಲ್ಲಿ ಚಿಕಿತ್ಸೆ ಆಗುತ್ತಿರಲಿಲ್ಲ, ಮಗು ಶಾಲೆಗೂ ಬರುತ್ತಿರಲಿಲ್ಲ. ಆಗ, ಬಡವರ ಮನೆಗಳಿಗೆ ನರ್ಸ್‌ಗಳನ್ನು ಕಳಿಸುತ್ತಿದ್ದ ಲಿಲಿಯನ್ ವಾಲ್ಡ್ ತಮ್ಮ ತಂಡದ ಲೀನಾ ರಾಜರ್ಸ್ ಎಂಬ ನರ್ಸನ್ನು ಶಾಲೆಗಳಿಗೆ ಕಳಿಸಿದರು. ಅವರು ಅಲ್ಲೇ ಚಿಕಿತ್ಸೆ ಕೊಟ್ಟರು, ಮನೆಗೆ ಹೋಗಿ ತಾಯಂದಿರಿಗೆ ಹೇಳಿಕೊಟ್ಟರು. ಗೈರುಹಾಜರಿ ಬಹಳ ಇಳಿಯಿತು. ಕಾಯಿಲೆ ಪತ್ತೆ ಮಾಡುವವರು ಮೊದಲೂ ಇದ್ದರು. ಮನೆಯ ತನಕ ಹೋಗುವವರು ಇರಲಿಲ್ಲ, ಅಷ್ಟೇ.

ಇನ್ನೊಂದು ಮಾತು. ಕೆಲವು ದೇಶಗಳಲ್ಲಿ ಹುದ್ದೆಗೂ ನೋಂದಣಿಗೂ ಗಂಟು ಹಾಕಿರುತ್ತಾರೆ. ಬ್ರಿಟನ್‌ನಲ್ಲಿ ಹೆಲ್ತ್ ವಿಸಿಟರ್ (ಚಿಕ್ಕ ಮಕ್ಕಳಿರುವ ಮನೆಗಳಿಗೆ ಹೋಗಿ ನೋಡುವವರು) ಆಗಬೇಕಾದರೆ ನರ್ಸ್ ಅಥವಾ ಮಿಡ್‌ವೈಫ್ ನೋಂದಣಿಯ ಮೇಲೆ ಅದಕ್ಕೇ ಮೀಸಲಾದ ಸ್ಪೆಷಲಿಸ್ಟ್ ಕೋರ್ಸ್ ಮಾಡಬೇಕು. ಬರೀ ಎಂಪಿಎಚ್ ಸಾಲದು. ನೀವು ಕೆಲಸ ಮಾಡಬೇಕೆಂದಿರುವ ಕಡೆಯ ನಿಯಮ ನೋಡಿಕೊಂಡೇ ಅರ್ಜಿ ಹಾಕಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ಎಪಿಡೆಮಿಯಾಲಜಿ (ರೋಗ ಯಾರಿಗೆ, ಎಲ್ಲಿ, ಏಕೆ ಬರುತ್ತದೆ ಅನ್ನುವ ಅಧ್ಯಯನ), ಸ್ಟ್ಯಾಟಿಸ್ಟಿಕ್ಸ್ ಅಂದರೆ ಭಯ. ಶಾಲೆ ಬಿಟ್ಟ ಮೇಲೆ ಲೆಕ್ಕ ಮುಟ್ಟಿಲ್ಲ. ಅದಿಲ್ಲದೆ ಆಗಲ್ವಾ?

ಉತ್ತರ: ಆಗಲ್ಲ. ಆದರೆ ಭಯ ಬೇಡ. ಭಾಗಾಕಾರ ಬಂದರೆ ಶುರು ಮಾಡಬಹುದು. ನಿಮ್ಮ ಆಸ್ಪತ್ರೆಗೆ ಒಂದು ಬಡಾವಣೆಯಿಂದ 40 ಭೇದಿ ಕೇಸು, ಇನ್ನೊಂದರಿಂದ 20 ಬಂದವು ಅಂದುಕೊಳ್ಳಿ. ವಾರ್ಡ್‌ನಲ್ಲಿ ಕೂತರೆ ಮೊದಲನೆಯದರಲ್ಲೇ ತೊಂದರೆ ಜಾಸ್ತಿ ಅನ್ನಿಸುತ್ತದೆ. ಆದರೆ ಅಲ್ಲಿ 400 ಮಕ್ಕಳಿದ್ದು ಎರಡನೆಯದರಲ್ಲಿ ಬರೀ 100 ಇದ್ದರೆ? ಮೊದಲನೆಯದು ಶೇ. 10, ಎರಡನೆಯದು ಶೇ. 20. ಅಪಾಯ ದುಪ್ಪಟ್ಟು ಇರುವುದು ಎರಡನೇ ಕಡೆ! ವಾರ್ಡ್ ನಮಗೆ ಭಾಗಾಕಾರದ ಮೇಲಿನ ಅಂಕಿ, ಅಂದರೆ ಕೇಸುಗಳ ಸಂಖ್ಯೆ ಕೊಡುತ್ತದೆ. ಕೆಳಗಿನದನ್ನು, ಅಂದರೆ ಒಟ್ಟು ಮಕ್ಕಳೆಷ್ಟು ಅನ್ನುವುದನ್ನು, ಹುಡುಕಿಕೊಂಡು ಹೊರಗೆ ಹೋಗಬೇಕು.

1854ರ ಲಂಡನ್ ಕಾಲರಾದಲ್ಲಿ ಡಾಕ್ಟರ್ ಜಾನ್ ಸ್ನೋ ಮಾಡಿದ್ದೂ ಇದೇ ಲೆಕ್ಕ. ಯಾವ ಮನೆಗೆ ಯಾವ ಕಂಪನಿಯ ನೀರು ಅಂತ ವಿಚಾರಿಸಿದರು. ಒಂದು ಕಂಪನಿಯ ನೀರು ಬರುತ್ತಿದ್ದ ಕಡೆ 10,000 ಮನೆಗೆ 315 ಸಾವು, ಇನ್ನೊಂದರ ಕಡೆ 37. ಕಾಲರಾ ರೋಗಾಣುವಿನ ಬಗ್ಗೆ ಅವರಿಗೆ ಗೊತ್ತಿರಲಿಲ್ಲ, ಆದರೂ ನೀರಿನತ್ತ ಬೊಟ್ಟು ಮಾಡಲು ಇಷ್ಟು ಸಾಕಾಯಿತು. ಸೂತ್ರ ಬಾಯಿಪಾಠ ಮಾಡಬೇಡಿ. ನಿಮ್ಮದೇ ವಾರ್ಡ್ ರಿಜಿಸ್ಟರ್ ಇಟ್ಟುಕೊಂಡು ಕಲಿಯಿರಿ, ಬೇಗ ತಲೆಗೆ ಹತ್ತುತ್ತದೆ.

ಪ್ರಶ್ನೆ (ಮೊದಲಿನವರೇ): ಧನ್ಯವಾದ ಮೇಡಂ. ಕಾಲೇಜು ಆರಿಸುವಾಗ ಏನು ಕೇಳಬೇಕು?

ಉತ್ತರ: ಫೀಲ್ಡ್ ಪೋಸ್ಟಿಂಗ್ ಬಗ್ಗೆ ಬಿಡದೆ ಕೇಳಿ. ಎಷ್ಟು ವಾರ, ಯಾರ ಕೈಕೆಳಗೆ, ಅದೇ ಕುಟುಂಬಗಳನ್ನು ಮತ್ತೆ ಮತ್ತೆ ನೋಡುತ್ತೀರಾ ಇಲ್ಲವಾ. ಬಸ್ಸಿನಲ್ಲಿ ಹೋಗಿ ಒಂದು ದಿನ ಸರ್ವೆ ಫಾರಂ ತುಂಬಿ ಬರುವುದನ್ನೇ ಪೋಸ್ಟಿಂಗ್ ಅಂತ ಕರೆಯುವ ಕಡೆ ದಯವಿಟ್ಟು ಸೇರಬೇಡಿ. ಕ್ಷಯದ ರೋಗಿಯನ್ನೇ ತಗೊಳ್ಳಿ. ಸಾಮಾನ್ಯ ಚಿಕಿತ್ಸೆಯೇ ಆರು ತಿಂಗಳು. ಎರಡು ತಿಂಗಳಿಗೇ ಕೆಮ್ಮು ನಿಲ್ಲುತ್ತದೆ, ಮಾತ್ರೆಯೂ ನಿಲ್ಲುತ್ತದೆ. ಏಕೆ ನಿಲ್ಲಿಸಿದರು ಅಂತ ತಿಳಿಯಲು ಮೂರನೇ ತಿಂಗಳೂ ಅದೇ ಮನೆಗೆ ನೀವೇ ಹೋಗಿರಬೇಕು. ಮನೆಯಲ್ಲಿ ಅವರು ಯಜಮಾನರು, ನಾವು ಬಂದವರು. ವಾರ್ಡ್‌ನಲ್ಲಿ ಹೇಳಿದ ಹಾಗೆ ಅಲ್ಲಿ ಹೇಳಲಾಗದು. ವಾರ್ಡ್‌ನಿಂದ ಬಂದವರಿಗೆ ಇದೇ ಕಷ್ಟ, ಲೆಕ್ಕಕ್ಕಿಂತ ಕಷ್ಟ.

ಪ್ರಶ್ನೆ: ಥೀಸಿಸ್‌ಗೆ ಈಗಲೇ ವಿಷಯ ಯೋಚಿಸಬೇಕಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ವಿಷಯ ಇದೆ ಅಲ್ವಾ! ಡಿಸ್ಚಾರ್ಜ್ ಆದ ತಿಂಗಳೊಳಗೆ ವಾಪಸ್ ಬರುವ ಮಕ್ಕಳು ಯಾರು, ಬರದವರು ಯಾರು? ಎರಡೂ ಗುಂಪಿನ ಮನೆಗಳಲ್ಲಿ ನೀರು, ಶೌಚಾಲಯ, ಕೈ ತೊಳೆಯುವುದು, ತಾಯಿಗೆ ಓಆರ್‌ಎಸ್ ಕಲಸಲು ಬರುತ್ತದಾ, ಎಲ್ಲ ಹೋಲಿಸಿ ನೋಡಬಹುದು. ಸುಮ್ನೆ ರಿಜಿಸ್ಟರ್ ತೆಗೆದು ನೋಡಬೇಡಿ, ಆಸ್ಪತ್ರೆಯ ಎಥಿಕ್ಸ್ ಸಮಿತಿಯ ಒಪ್ಪಿಗೆ ಮೊದಲು. ಮನೆಗೆ ಹೋಗುವ ಮುನ್ನ ಪೋಷಕರ ಒಪ್ಪಿಗೆಯೂ ಬೇಕು. ಕರಡು ಬರೆದರೆ ಇಲ್ಲೇ ಹಾಕಿ, ಓದಿ ಹೇಳುತ್ತೇನೆ.