ಅಪ್‌ಡೇಟ್: ಅಮ್ಮನ ಜೊತೆ ಜಿನೋವಾದ ಹಳೇ ಪೇಟೆ ನೋಡಿ ಬಂದೆ

ಮಂಡಿನೋವಿರುವ ಅಮ್ಮನನ್ನು ಇಟಲಿಯ ಜಿನೋವಾ ಬಂದರಿನ ಹಳೇ ಪೇಟೆಯಲ್ಲಿ ಸುತ್ತಾಡಿಸಬಹುದೇ ಎಂದು ಕೇಳಿದ್ದೆ. ಖಂಡಿತ ಆಗುತ್ತದೆ. ಧೈರ್ಯ ಹೇಳಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಹಳೇ ಬಂದರಿನಿಂದ ಮೇಲಕ್ಕೆ ಹಬ್ಬಿರುವ ‘ಕರುಜ್ಜಿ’ ಓಣಿಗಳಲ್ಲಿ ಕೆಲವು ಎಷ್ಟು ಕಿರಿದೆಂದರೆ, ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುತ್ತದೆ. ಕಲ್ಲುಹಾಸಿನ ಏರು ಇದೆ, ನಿಧಾನಕ್ಕೆ ಹತ್ತಿದೆವು.

ಕಪ್ಪು ಬಿಳಿ ಪಟ್ಟೆಗಳ ಸ್ಯಾನ್ ಲೊರೆಂಜೊ ಕ್ಯಾಥೆಡ್ರಲ್ ಒಳಗೆ ಒಂದು ಫಿರಂಗಿ ಗುಂಡು ಇಟ್ಟಿದ್ದಾರೆ. 1941ರ ಫೆಬ್ರವರಿ 9ರಂದು ಬ್ರಿಟಿಷ್ ನೌಕಾಪಡೆ ಹಾರಿಸಿದ್ದು. ಗೋಡೆ ಸೀಳಿ ಒಳಗೆ ಬಿದ್ದರೂ ಸಿಡಿಯಲಿಲ್ಲ. ಅಮ್ಮ ಅದರ ಮುಂದೆ ಕೈಮುಗಿದು ಬಹಳ ಹೊತ್ತು ನಿಂತರು. ನನಗೆ ಇಡೀ ಪ್ರವಾಸದಲ್ಲಿ ಉಳಿದ ಚಿತ್ರ ಅದೇ.

ಗಾರಿಬಾಲ್ಡಿ ಬೀದಿಯ ಅರಮನೆಗಳನ್ನು ಹೊರಗಿನಿಂದಷ್ಟೇ ನೋಡಿದೆವು. ಊಟಕ್ಕೆ ಫರಿನಾತಾ: ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ಅಗಲವಾದ ತಟ್ಟೆಯಲ್ಲಿ ಹೊಯ್ದು ಒಲೆಯಲ್ಲಿ ಬೇಯಿಸುತ್ತಾರೆ. “ನಮ್ಮ ಕಡಲೆ ಹಿಟ್ಟೇ ಕಣೋ!” ಎಂದು ಅಮ್ಮ ಇನ್ನೊಂದು ತುಂಡು ಕೇಳಿದರು.

ಮಂಡಿನೋವಿನವರಿಗೆ ಒಂದು ಮಾತು: ಪೋರ್ತೆಲ್ಲೊ ಚೌಕದಿಂದ ಗುಡ್ಡದ ಮೇಲಿನ ಕಾಸ್ತೆಲ್ಲೆತ್ತೊ ಬಡಾವಣೆಗೆ ಲಿಫ್ಟ್ ಇದೆ. ಮೇಲೆ ನಿಂತರೆ ಬೂದು ಛಾವಣಿಗಳೆಲ್ಲ ಕೆಳಗೆ, ಅದರಾಚೆ ಸಮುದ್ರ.