ಫೀಡ್ ವಾಟರ್ ಕಂಡಕ್ಟಿವಿಟಿ ದಿನಕ್ಕೆ ಎರಡು ಸಲ ಏರುತ್ತಿದೆ, ಪ್ರೋಬ್ ಹಾಳಾಗಿದೆಯಾ?

ಕಟಪಾಡಿ ಯುಟಿಲಿಟಿ

ಎಲ್ಲರಿಗೂ ನಮಸ್ಕಾರ. ಕಟಪಾಡಿ ಕಡೆ ಹೊಳೆ ಬದಿಯಲ್ಲಿ ನಮ್ಮ ಮೀನು ಪ್ರೊಸೆಸಿಂಗ್ ಯುನಿಟ್ ಇದೆ. ಬಾಯ್ಲರ್, ನೀರು, ಕಂಪ್ರೆಸರ್ ಎಲ್ಲ ನೋಡಿಕೊಳ್ಳುವುದು ನಾನೇ. ಹೊಳೆಯ ಜಾಕ್‌ವೆಲ್‌ನಿಂದ (ಪಂಪಿಗೆ ನೀರು ಸೇರುವ ಬಾವಿ) ಬಂದ ನೀರು ಸ್ಯಾಂಡ್ ಫಿಲ್ಟರ್, ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯುವಂಥದ್ದು) ದಾಟಿ ಬಾಯ್ಲರಿನ ಫೀಡ್ ಟ್ಯಾಂಕಿಗೆ ಹೋಗುತ್ತದೆ. ಸಾಫ್ಟ್‌ನರ್ ಆದ ಮೇಲೆ ಪೈಪಿನಲ್ಲಿ ಆನ್‌ಲೈನ್ ಕಂಡಕ್ಟಿವಿಟಿ ಮೀಟರ್ ಇದೆ, ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಎಂದು ನೋಡಿ ಕರಗಿದ ಉಪ್ಪಿನ ಅಂದಾಜು ಕೊಡುವಂಥದ್ದು. ಎರಡು ಎಲೆಕ್ಟ್ರೋಡಿನ ಪ್ರೋಬ್.

ಮಳೆಗಾಲ, ಚಳಿಗಾಲದಲ್ಲಿ ತಕರಾರು ಇರಲಿಲ್ಲ. ಮಾರ್ಚ್ ಶುರುವಾದ ಮೇಲೆ ರೀಡಿಂಗ್ 300 ಮೈಕ್ರೋಸೀಮೆನ್ಸ್‌ನಿಂದ ಮೇಲೆ ಹೋಗಿ 1500ರ ಹತ್ತಿರ ಬಂದು, ಮತ್ತೆ ತಾನಾಗಿ ಇಳಿಯುತ್ತದೆ. ಹೀಗೆ ದಿನಕ್ಕೆ ಎರಡು ಸಲ. ಮೀಟರ್ ಕೊಟ್ಟವರು ಬಂದು ನೋಡಿ ಪ್ರೋಬ್ ಹೋಗಿದೆ, ಬದಲಾಯಿಸಿ ಎಂದು ಕೊಟೇಶನ್ ಕೊಟ್ಟಿದ್ದಾರೆ. ಬಾಯ್ಲರ್ ಕೆಮಿಕಲ್ ಕೊಡುವವರು 15 ದಿನಕ್ಕೊಮ್ಮೆ ಬೆಳಿಗ್ಗೆ ಬಂದು ಪೆನ್ ಮೀಟರಿನಲ್ಲಿ ನೋಡುತ್ತಾರೆ. ಅವರಿಗೆ ಯಾವಾಗಲೂ 150 ಚಿಲ್ಲರೆಯೇ ಬರುತ್ತದೆ. ಹಾಗಾದರೆ ಆನ್‌ಲೈನ್ ಮೀಟರೇ ತಪ್ಪು ಅಲ್ವಾ? ಮಾಲೀಕರು ಕೇಳುತ್ತಿದ್ದಾರೆ, ದುಡ್ಡು ಹಾಕುವ ಮೊದಲು ಒಂದು ಮಾತು ಕೇಳೋಣ ಅಂತ ಬರೆದೆ.

ಕರೆಂಟ್ ಲೂಪ್

ಅಣ್ಣ, ಪೆನ್ ಮೀಟರ್ ಯಾವುದರಲ್ಲಿ ತೋರಿಸುತ್ತದೆ ನೋಡಿದಿರಾ? ಹೆಚ್ಚಿನವು ಪಿಪಿಎಂನಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ತೋರಿಸುತ್ತವೆ. ಒಳಗೆ ಅಳೆಯುವುದು ಕಂಡಕ್ಟಿವಿಟಿಯನ್ನೇ, ಆಮೇಲೆ 0.5ರಿಂದ ಗುಣಿಸುತ್ತವೆ. ಕೆಲವು 0.7ರಿಂದ. 300 ಮೈಕ್ರೋಸೀಮೆನ್ಸ್‌ಗೆ 150 ಪಿಪಿಎಂ ಸರಿಯಾಗಿ ಕೂರುತ್ತದೆ. ಅಂದರೆ ರೀಡಿಂಗ್ ಇಳಿದಿರುವ ಹೊತ್ತಿಗೆ ನಿಮ್ಮ ಎರಡೂ ಮೀಟರ್ ಒಂದೇ ಮಾತು ಹೇಳುತ್ತಿವೆ.

ಬೈಕಂಪಾಡಿ ಬಾಯ್ಲರ್

ಪ್ರೋಬ್ ಬದಲಾಯಿಸಬೇಡಿ ಮಾರಾಯ್ರೆ, ಸ್ವಲ್ಪ ತಡೆಯಿರಿ.

ಎರಡು ಎಲೆಕ್ಟ್ರೋಡಿನ ಪ್ರೋಬ್ ಕೆಟ್ಟಾಗ ಯಾವ ಕಡೆಗೆ ತಪ್ಪುತ್ತದೆ ಎಂಬುದನ್ನು ಮೊದಲು ನೋಡಬೇಕು. ಪಾಚಿ, ಕೆಸರು ಹಿಡಿದರೆ ರೀಡಿಂಗ್ ಕಡಿಮೆಯಾಗುತ್ತದೆ. ಗಾಳಿ ಗುಳ್ಳೆ ಕೂತರೂ ಕಡಿಮೆ. ಪೈಪ್ ಪೂರ್ತಿ ತುಂಬಿ ಹರಿಯದಿದ್ದರೂ ಕಡಿಮೆ. ನಿಮ್ಮದು ಜಾಸ್ತಿಯಾಗುತ್ತಿದೆ. ಜಾಸ್ತಿ ತೋರಿಸುವ ದೋಷಗಳೂ ಇವೆ: ಕನೆಕ್ಟರ್ ಒಳಗೆ ತೇವ ಹೋಗುವುದು, ಅರ್ಥಿಂಗ್ ತೊಂದರೆ, ಟೆಂಪರೇಚರ್ ಸೆನ್ಸರ್ ಕೈಕೊಡುವುದು. ಆದರೆ ಅವು ದಿನಕ್ಕೆ ಎರಡೇ ಸಲ ಬಂದು ನಿಧಾನಕ್ಕೆ ಏರಿ, ನಿಧಾನಕ್ಕೆ ಇಳಿಯುವುದಿಲ್ಲ.

ಆದರೂ ಅನುಮಾನ ಉಳಿಯಬಾರದು, ಅರ್ಧ ಗಂಟೆಯ ಕೆಲಸ. ಪ್ರೋಬ್ ಹೊರಗೆ ತೆಗೆದು ಚೆನ್ನಾಗಿ ಒರೆಸಿ ಗಾಳಿಯಲ್ಲಿ ಹಿಡಿಯಿರಿ, ಸೊನ್ನೆ ಬರಬೇಕು. ಬಾರದಿದ್ದರೆ ಕೇಬಲ್ ಇಲ್ಲವೇ ಕನೆಕ್ಟರ್ ಲೀಕೇಜ್. ಆಮೇಲೆ 1413 ಮೈಕ್ರೋಸೀಮೆನ್ಸ್ ಇರುವ ಸ್ಟ್ಯಾಂಡರ್ಡ್ ದ್ರಾವಣ ಸಣ್ಣ ಲೋಟಕ್ಕೆ ಹಾಕಿ ಅದರಲ್ಲಿ ಅದ್ದಿ. ಒಮ್ಮೆ ಅದ್ದಿದ ದ್ರಾವಣವನ್ನು ವಾಪಸ್ ಬಾಟಲಿಗೆ ಹಾಕಬೇಡಿ. 1413 ಎನ್ನುವುದು 25 ಡಿಗ್ರಿಯ ಲೆಕ್ಕ. ನಮ್ಮ ಊರಿನ ಏಪ್ರಿಲ್ ಸೆಖೆಗೆ ದ್ರಾವಣ 32 ಡಿಗ್ರಿ ಇರುತ್ತದೆ. ಡಿಗ್ರಿಗೆ ಶೇಕಡಾ 2ರಷ್ಟು ಕಂಡಕ್ಟಿವಿಟಿ ಏರುವುದರಿಂದ, ಟೆಂಪರೇಚರ್ ಕಾಂಪನ್ಸೇಶನ್ (ರೀಡಿಂಗನ್ನು 25 ಡಿಗ್ರಿಯ ಲೆಕ್ಕಕ್ಕೆ ತಂದು ತೋರಿಸುವುದು) ಆಫ್ ಇದ್ದರೆ 1600ರ ಆಸುಪಾಸು ತೋರಿಸುತ್ತದೆ. ಅದನ್ನು ನೋಡಿ ಪ್ರೋಬ್ ಹೋಯ್ತು ಎಂದು ತೀರ್ಮಾನ ಮಾಡಬೇಡಿ.

ಪಣಂಬೂರು ವಾಟರ್

ಸಾಫ್ಟ್‌ನರ್ ಬಗ್ಗೆ ಯಾರೂ ಹೇಳಲಿಲ್ಲ. ರಿಜನರೇಶನ್ (ಸಾಫ್ಟ್‌ನರಿಗೆ ಉಪ್ಪು ನೀರು ಹಾಯಿಸಿ ಮತ್ತೆ ಚುರುಕು ಮಾಡುವುದು) ಆದ ಮೇಲೆ ರಿನ್ಸ್ ಸಾಲದಿದ್ದರೆ ಉಪ್ಪು ನೀರು ಮುಂದಕ್ಕೆ ಹೋಗುತ್ತದೆ, ರೀಡಿಂಗ್ ಜಿಗಿಯುತ್ತದೆ. ಆ ಉಪ್ಪು ನೀರಿನ ವಾಲ್ವ್ ಲೀಕ್ ಆದರೂ ಹಾಗೆಯೇ. ನೆನಪಿರಲಿ, ಸಾಫ್ಟ್‌ನರ್ ಗಡಸುತನ ತೆಗೆಯುತ್ತದೆಯೇ ಹೊರತು ಕಂಡಕ್ಟಿವಿಟಿ ಇಳಿಸುವುದಿಲ್ಲ. ನೀರು ಕ್ಯಾಲ್ಸಿಯಂ ಕೊಟ್ಟು ಸೋಡಿಯಂ ತೆಗೆದುಕೊಂಡ ಹಾಗೆ, ಅಷ್ಟೇ. ನಿಮ್ಮಲ್ಲಿ ರಿಜನರೇಶನ್ ಯಾವಾಗ?

ಕಟಪಾಡಿ ಯುಟಿಲಿಟಿ

ರಿಜನರೇಶನ್ ದಿನಾ ರಾತ್ರಿ ಶಿಫ್ಟಿನಲ್ಲಿ, ಒಂದೇ ಹೊತ್ತಿಗೆ. ಏರಿಕೆಯ ಹೊತ್ತು ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ. ಟ್ರೆಂಡ್ (ಮೀಟರ್ ಬರೆದಿಟ್ಟ ಗ್ರಾಫ್) ತೆಗೆದು ನೋಡಿದೆ. ಸೋಮವಾರ ಮಧ್ಯಾಹ್ನ ಎರಡಕ್ಕೆ ಇತ್ತು, ಮಂಗಳವಾರ ಮೂರರ ಹತ್ತಿರ, ಬುಧವಾರ ನಾಲ್ಕು ಆಗಲಿಕ್ಕೆ ಸ್ವಲ್ಪ ಇರುವಾಗ. ದಿನದ ಎರಡು ಏರಿಕೆಯಲ್ಲಿ ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಗಾಳಿಯಲ್ಲಿ ಸೊನ್ನೆ ಬಂತು. ದ್ರಾವಣದಲ್ಲಿ 1405.

ಬೈಕಂಪಾಡಿ ಬಾಯ್ಲರ್

1405 ಅಂದರೆ ನಿಮ್ಮ ಪ್ರೋಬ್ ಚಿನ್ನದ ಹಾಗೆ ಉಂಟು.

ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡ, ಒಂದು ದೊಡ್ಡದು ಒಂದು ಚಿಕ್ಕದು. ಇದು ಸಮುದ್ರದ ಉಬ್ಬರ. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳು ಸಮ ಇರುವುದಿಲ್ಲ. ನಿಮ್ಮ ಮೀಟರ್ ಅದನ್ನು ಗೆರೆ ಬಿಡದೆ ಬರೆದಿಟ್ಟಿದೆ. ಜಾಕ್‌ವೆಲ್‌ಗೆ ಉಪ್ಪು ನೀರು ಬರುತ್ತಿದೆ.

ಎಷ್ಟು ಬೇಕು ಗೊತ್ತಾ ಇದಕ್ಕೆ? ಸಮುದ್ರದ ನೀರು 50,000 ಮೈಕ್ರೋಸೀಮೆನ್ಸ್‌ನಷ್ಟು. 300 ಇರುವ ನೂರು ಕೊಡ ಹೊಳೆ ನೀರಿಗೆ ಎರಡೂವರೆ ಕೊಡ ಸಮುದ್ರದ ನೀರು ಸೇರಿದರೆ ಸಾಕು, 1500 ಮುಟ್ಟುತ್ತದೆ. ನಾಲಿಗೆಗೆ ಸರಿಯಾಗಿ ಗೊತ್ತೂ ಆಗದು.

ಇನ್ನು ಆ 15 ದಿನಕ್ಕೊಮ್ಮೆ ಬರುವ ಸ್ಯಾಂಪಲ್ ವಿಷಯ. ದಿನಕ್ಕೆ 50 ನಿಮಿಷದಂತೆ 15 ದಿನಕ್ಕೆ ಹನ್ನೆರಡೂವರೆ ಗಂಟೆ ಆಗುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಇರುವ ಅಂತರವೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಅವರು ಪ್ರತಿ ಸಲ ಒಂದೇ ಹೊತ್ತಿಗೆ ಬಂದರೆ, ಪ್ರತಿ ಸಲವೂ ಉಬ್ಬರ-ಇಳಿತದ ಒಂದೇ ಹಂತ ಸಿಗುತ್ತದೆ. ಅವರಿಗೆ ಸಿಗುವುದು ಇಳಿತದ ನೀರು. ಬೇಸಿಗೆ ಪೂರ್ತಿ ಸ್ಯಾಂಪಲ್ ತೆಗೆದರೂ ಈ ಉಪ್ಪು ಅವರ ಕೈಗೆ ಸಿಗುವುದು ಕಷ್ಟ. ದಿನವಿಡೀ ಓಡುವ ಮೀಟರ್ ಬೇಕು ಎಂದು ನಾನು ಎಲ್ಲರ ಹತ್ತಿರ ಹಟ ಹಿಡಿಯುವುದು ಇದಕ್ಕೇ.

ಕಟಪಾಡಿ ಯುಟಿಲಿಟಿ

ಆದರೆ ಸರ್, ನಮ್ಮ ಜಾಕ್‌ವೆಲ್ ಕಿಂಡಿ ಅಣೆಕಟ್ಟಿನ ಮೇಲ್ಬದಿಯಲ್ಲಿದೆ. ಕಿಂಡಿಗಳನ್ನು ಹಲಗೆ ಹಾಕಿ ಮುಚ್ಚಿ ಆಗಿದೆ. ಉಪ್ಪು ನೀರು ಹೇಗೆ ಬರುತ್ತದೆ?

ಬೈಕಂಪಾಡಿ ಬಾಯ್ಲರ್

ಹಲಗೆಯ ಸಂದಿನಲ್ಲಿ. ಎರಡು ಸಾಲು ಹಲಗೆಯ ನಡುವೆ ಮಣ್ಣು ತುಂಬುತ್ತಾರಲ್ಲ, ಅದು ತೊಳೆದು ಹೋದರೆ ಅಡಿಯಿಂದ ನೀರು ನುಗ್ಗುತ್ತದೆ. ಬೇಸಿಗೆಯಲ್ಲಿ ಮೇಲ್ಬದಿಯ ನೀರಿನ ಮಟ್ಟ ಇಳಿದಿರುತ್ತದೆ, ಉಬ್ಬರಕ್ಕೆ ಕೆಳಬದಿಯದು ಏರುತ್ತದೆ. ಉಪ್ಪು ನೀರು ಭಾರ, ತಳದಲ್ಲೇ ಮುಂದಕ್ಕೆ ಬರುತ್ತದೆ. ಜಾಕ್‌ವೆಲ್‌ನ ಪೈಪ್ ಎಳೆಯುವುದೂ ತಳದಿಂದಲೇ ಅಲ್ವಾ? ಪೆನ್ ಮೀಟರ್ ಹಿಡಿದುಕೊಂಡು ಉಬ್ಬರದ ಹೊತ್ತಿಗೆ ಹೋಗಿ. ಮೇಲಿನ ನೀರು ಒಂದು ಬಾಟಲಿ, ತಳದ ನೀರು ಒಂದು ಬಾಟಲಿ.

ಕಟಪಾಡಿ ಯುಟಿಲಿಟಿ

ಹೋಗಿ ಬಂದೆ. ಮೇಲಿನ ನೀರು 160 ಪಿಪಿಎಂ, ತಳದ್ದು 900 ದಾಟಿತು. ಒಂದು ಕಿಂಡಿಯಲ್ಲಿ ಹಲಗೆಯ ಬುಡದಿಂದ ನೀರು ಬುಗ್ಗೆಯ ಹಾಗೆ ಏಳುತ್ತಿತ್ತು, ಸುತ್ತ ಮರಳು ಕುದಿಯುತ್ತಿತ್ತು. ಪಂಚಾಯತಿಗೆ ತಿಳಿಸಿದ್ದೇವೆ. ಅಲ್ಲಿಯವರೆಗೆ ಬಾಯ್ಲರ್ ಗತಿ ಏನು?

ಬೈಕಂಪಾಡಿ ಬಾಯ್ಲರ್

ಮೊದಲು ಮಾಲೀಕರಿಗೆ ಈ ಲೆಕ್ಕ ತೋರಿಸಿ. ಬಾಯ್ಲರ್ ಒಳಗೆ 5000 ಮೈಕ್ರೋಸೀಮೆನ್ಸ್ ಮಿತಿ ಇಟ್ಟುಕೊಂಡರೆ, ಫೀಡ್ 300 ಇದ್ದಾಗ ಬ್ಲೋಡೌನ್ (ಉಪ್ಪು ಸೇರಿದ ಬಾಯ್ಲರ್ ನೀರನ್ನು ಹೊರಗೆ ಬಿಡುವುದು) ಆವಿಯ ಶೇಕಡಾ 6ರಷ್ಟು. 5000ದಲ್ಲಿ 300 ಕಳೆದರೆ 4700, 300ನ್ನು ಆ 4700ರಿಂದ ಭಾಗಿಸಿದರೆ ಬರುವುದು ಅದೇ. ಫೀಡ್ 1500 ಆದರೆ 1500ನ್ನು 3500ರಿಂದ ಭಾಗಿಸಬೇಕು, ಶೇಕಡಾ 43. ಕಾಯಿಸಿದ ನೀರನ್ನು ಅಷ್ಟು ಚರಂಡಿಗೆ ಬಿಟ್ಟರೆ ಸೌದೆಯ ಖರ್ಚು ಎಲ್ಲಿಗೆ ಹೋಗುತ್ತದೆ ನೋಡಿ. ಬಿಡದಿದ್ದರೆ ಉಪ್ಪಿನ ಕ್ಲೋರೈಡ್ ಬಾಯ್ಲರಿನ ಟ್ಯೂಬನ್ನು ತಿನ್ನುತ್ತದೆ, ಆವಿಯ ಜೊತೆ ನೀರೂ ಎದ್ದು ಹೋಗುತ್ತದೆ.

ಉಪಾಯ ಇಷ್ಟು: ಇಳಿತದಲ್ಲಿ ತುಂಬಿಸಿ, ಉಬ್ಬರದಲ್ಲಿ ನಿಲ್ಲಿಸಿ. 1 ಟನ್ ಬಾಯ್ಲರ್ ಗಂಟೆಗೆ ಸುಮಾರು 1000 ಲೀಟರ್ ಕುಡಿಯುತ್ತದೆ. ಆರು ಗಂಟೆಗೆ ಆಗುವಷ್ಟು ಟ್ಯಾಂಕ್ ಇದ್ದರೆ ಒಂದು ಉಬ್ಬರ ದಾಟಬಹುದು. ಸಕ್ಷನ್ ಪೈಪಿಗೆ ತೇಲುವ ಡ್ರಮ್ ಕಟ್ಟಿ ಮೇಲಿನ ನೀರು ಎಳೆದರೆ ಇನ್ನೂ ಒಳ್ಳೆಯದು.

ಕರೆಂಟ್ ಲೂಪ್

ಮೀಟರಿನ ರಿಲೇಯಿಂದಲೇ ಪಂಪ್ ನಿಲ್ಲಿಸಬಹುದು ಅಣ್ಣ. 600ಕ್ಕೆ ಆಫ್, 450ಕ್ಕೆ ಆನ್ ಇಡಿ. ಎರಡಕ್ಕೂ ಒಂದೇ ಅಂಕಿ ಕೊಟ್ಟರೆ ರಿಲೇ ಟಕಟಕ ಹೊಡೆದುಕೊಳ್ಳುತ್ತದೆ, ಪಂಪಿನ ಕಾಂಟ್ಯಾಕ್ಟರ್ ಹೋಗುತ್ತದೆ. ಒಂದು ನಿಮಿಷ ಡಿಲೇಯೂ ಕೊಡಿ.

ಬೈಕಂಪಾಡಿ ಬಾಯ್ಲರ್

ಸೆಟ್ಟಿಂಗ್ ಸರಿ ಇದೆ, ಆದರೆ ಪ್ರೋಬ್ ಈಗಿರುವ ಜಾಗದಲ್ಲಿ ಇದು ನಡೆಯುವುದಿಲ್ಲ. ಪಂಪ್ ನಿಂತರೆ ಪೈಪಿನ ನೀರೂ ನಿಲ್ಲುತ್ತದೆ. ಪ್ರೋಬ್ ಎದುರು ಅದೇ 600ರ ನೀರು ಕೂತಿರುತ್ತದೆ, ಹೊಳೆ ಸಿಹಿಯಾದರೂ ಪಂಪ್ ಆನ್ ಆಗುವುದೇ ಇಲ್ಲ. ಇನ್ನೊಂದು ಪ್ರೋಬನ್ನು ಜಾಕ್‌ವೆಲ್ ಒಳಗೇ, ಸಕ್ಷನ್ ಬಾಯಿಯ ಮಟ್ಟಕ್ಕೆ ಇಳಿಬಿಡಿ. ಪಿವಿಸಿ ಪೈಪಿನೊಳಗೆ ಕೇಬಲ್ ಇಳಿಸಿ, ಕನೆಕ್ಟರ್ ನೀರಿನ ಮೇಲೆಯೇ ಇರಲಿ. ಹೊಳೆ ನೀರಾದ್ದರಿಂದ ವಾರಕ್ಕೊಮ್ಮೆ ತೆಗೆದು ಮೆತ್ತನೆ ಬ್ರಷ್‌ನಲ್ಲಿ ತೊಳೆಯಬೇಕು. ಪಾಚಿ ಹಿಡಿದರೆ ಕಡಿಮೆ ತೋರಿಸುತ್ತದೆ, ಆಗ ಉಪ್ಪು ನೀರಿಗೂ ಪಂಪ್ ಓಡುತ್ತಲೇ ಇರುತ್ತದೆ. ಸಾಫ್ಟ್‌ನರ್ ನಂತರದ ಪ್ರೋಬ್ ಅಲ್ಲಿಯೇ ಇರಲಿ, ರಿನ್ಸ್ ಸರಿಯಾಯಿತಾ ಎಂದು ನೋಡಲು ಅದು ಬೇಕು.

ಕಟಪಾಡಿ ಯುಟಿಲಿಟಿ

ಪ್ರೋಬ್ ಬದಲಾಯಿಸುವ ಕೊಟೇಶನ್ ವಾಪಸ್ ಕಳುಹಿಸಿದೆವು. ಅದೇ ದುಡ್ಡಿನಲ್ಲಿ ಜಾಕ್‌ವೆಲ್‌ಗೆ ಎರಡನೇ ಪ್ರೋಬ್ ತರಿಸುತ್ತಿದ್ದೇವೆ. ಎಲ್ಲರಿಗೂ ತುಂಬಾ ಉಪಕಾರ ಆಯಿತು. ಅಮಾವಾಸ್ಯೆಯ ಉಬ್ಬರ ಕಳೆದ ಮೇಲೆ ಟ್ರೆಂಡ್ ಇಲ್ಲಿ ಹಾಕುತ್ತೇನೆ.