ಬಿಟ್‌ಕಾಯಿನ್ ನೆಟ್‌ವರ್ಕ್ ಸರಿ ಇದೆಯಾ ಇಲ್ವಾ, ನಾವೇ ನೋಡುವುದು ಹೇಗೆ?

ಪೆರ್ಲದಿಂದ ಪ್ರಶ್ನೆ:
ಭಾವ ಅಬುಧಾಬಿಯಲ್ಲಿದ್ದಾರೆ. ಬೆಳಿಗ್ಗೆ ಅಲ್ಲಿನ ಎಕ್ಸ್‌ಚೇಂಜ್‌ನಿಂದ ನನ್ನ ವಾಲೆಟ್‌ಗೆ ಸ್ವಲ್ಪ ಬಿಟ್‌ಕಾಯಿನ್ ಕಳಿಸಿದರು. ಮಧ್ಯಾಹ್ನದ ಊಟ ಮುಗಿದರೂ ಬಂದಿಲ್ಲ. ಎಕ್ಸ್‌ಚೇಂಜ್‌ನವರದ್ದು ಒಂದೇ ಮಾತು, “ನೆಟ್‌ವರ್ಕ್ ಪ್ರಾಬ್ಲಮ್”. ಹಳೇ ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಕಾಯಿನ್ ಕೋರ್ (ಬಿಟ್‌ಕಾಯಿನ್‌ನ ಲೆಕ್ಕ ಇಳಿಸಿಕೊಂಡು ತಾನೇ ಪರಿಶೀಲಿಸುವ ಸಾಫ್ಟ್‌ವೇರ್) ಹಾಕಿಟ್ಟಿದ್ದೇನೆ. ಅದರಲ್ಲಿ ಏನು ನೋಡಿದರೆ ಈ ಮಾತು ನಿಜವೋ ಸುಳ್ಳೋ ಗೊತ್ತಾಗುತ್ತದೆ? ಮಾಡಿ ನೋಡಿದವರು ಹೇಳಿ.

ಕುಂಬಳೆಯಿಂದ:
ನೋಡ್ (ಕೋರ್ ಓಡುವ ಕಂಪ್ಯೂಟರ್) ಇದೆಯಲ್ವಾ, ಅರ್ಧ ಕೆಲಸ ಆದ ಹಾಗೆ. ಕನ್ಸೋಲ್ ತೆರೆದು ‘ಗೆಟ್‌ಬ್ಲಾಕ್‌ಚೈನ್‌ಇನ್ಫೋ’ ಹಾಕಿ. ತುಂಬಾ ಸಾಲು ಬರುತ್ತದೆ, ಹೆದರಬೇಡಿ. ‘ಬ್ಲಾಕ್ಸ್’ (ವಹಿವಾಟುಗಳ ಕಟ್ಟುಗಳು) ಮತ್ತು ‘ಹೆಡರ್ಸ್’ (ಅವುಗಳ ತಲೆಬರಹಗಳು) ಎದುರು ಒಂದೇ ಸಂಖ್ಯೆ ಇರಬೇಕು. ‘ಇನಿಶಿಯಲ್‌ಬ್ಲಾಕ್‌ಡೌನ್‌ಲೋಡ್’ ಎದುರು ‘ಫಾಲ್ಸ್’ ಇರಬೇಕು. ಬ್ಲಾಕ್ಸ್ ಹಿಂದೆ ಬಿದ್ದಿದ್ದರೆ ನೆಟ್‌ವರ್ಕ್ ಕೆಟ್ಟಿಲ್ಲ, ನಿಮ್ಮ ಲ್ಯಾಪ್‌ಟಾಪ್ ಇನ್ನೂ ಹಳೇ ಲೆಕ್ಕ ಇಳಿಸಿಕೊಳ್ಳುತ್ತಿದೆ ಅಷ್ಟೇ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗೆಲ್ಲ ನಮ್ಮಲ್ಲಿ ಇದೇ ಕತೆ.

ಆಮೇಲೆ ಅದೇ ಸಂಖ್ಯೆಯನ್ನು ಹೊರಗಿನ ಒಂದು ಎಕ್ಸ್‌ಪ್ಲೋರರ್‌ನಲ್ಲಿ (ಬ್ಲಾಕ್, ವಹಿವಾಟು ತೋರಿಸುವ ವೆಬ್‌ಸೈಟ್) ನೋಡಿ. ನಾನು ನೋಡುವುದು ಮೆಂಪೂಲ್ ಡಾಟ್ ಸ್ಪೇಸ್. ಅದೂ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ. ಮನೆಯ ಲೈನೇ ಹಾಳಾಗಿದ್ದರೆ ಅದೂ ಗೊತ್ತಾಗಲಿ ಅಂತ. ಎರಡೂ ಕಡೆ ಒಂದೇ ಸಂಖ್ಯೆ ಇದ್ದರೆ, ಅಥವಾ ಒಂದು ಹೆಚ್ಚುಕಡಿಮೆ ಇದ್ದರೆ, ನಿಮ್ಮ ನೋಡ್ ಸರಿ ಇದೆ.

ಕೊನೆಯ ಬ್ಲಾಕ್ ಬಂದು ಎಷ್ಟು ಹೊತ್ತಾಯಿತು ಅನ್ನುವುದನ್ನೂ ನೋಡಿ. 10 ನಿಮಿಷಕ್ಕೆ ಒಂದು ಅನ್ನುವುದು ಬರೀ ಸರಾಸರಿ. ಟೈಮ್ ಹೇಳಿ ಬರುವ ಬಸ್ಸಲ್ಲ ಅದು. ಕೆಲವೊಮ್ಮೆ ನಿಮಿಷದೊಳಗೆ ಎರಡು ಬರುತ್ತವೆ, ಕೆಲವೊಮ್ಮೆ ಮುಕ್ಕಾಲು ಗಂಟೆ ಒಂದೂ ಇಲ್ಲ. ಸಂಭವನೀಯತೆಯ ಲೆಕ್ಕ ಹಾಕಿದರೆ ಒಂದು ಗಂಟೆ ಖಾಲಿ ಹೋಗುವುದು ಎರಡು ಮೂರು ದಿನಕ್ಕೊಮ್ಮೆ ಆಗುವಂಥದ್ದೇ. ಎರಡು ಗಂಟೆ ಖಾಲಿ ಹೋಗುವುದು ಮಾತ್ರ ಕೆಲವು ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ನೆಟ್‌ವರ್ಕನ್ನು ಬೈಯಬಾರದು ಅಂತ ನನ್ನ ಲೆಕ್ಕ.

ಬದಿಯಡ್ಕದಿಂದ:
ಬ್ಲಾಕ್ ಬರುತ್ತಿದ್ದರೂ ರಶ್ ಇರಬಹುದಲ್ಲ? ಅದಕ್ಕೆ ‘ಗೆಟ್‌ಮೆಂಪೂಲ್‌ಇನ್ಫೋ’. ಬ್ಲಾಕ್ ಸೇರಲು ಎಷ್ಟು ವಹಿವಾಟು ಕಾಯುತ್ತಿದೆ ಅಂತ ಹೇಳುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಈ ಕಾಯುವ ಜಾಗ (ಮೆಂಪೂಲ್) 300 ಎಂಬಿ. ತುಂಬಿದರೆ ಕಡಿಮೆ ಶುಲ್ಕದವುಗಳನ್ನು ನೋಡ್ ಹೊರಗೆ ಹಾಕುತ್ತದೆ. ಆಗ ‘ಮೆಂಪೂಲ್‌ಮಿನ್‌ಫೀ’ (ಒಳಗೆ ಬರಲು ಬೇಕಾದ ಕನಿಷ್ಠ ಶುಲ್ಕ) ಏರುತ್ತದೆ. ನಾನು ಮೊದಲು ಕಣ್ಣು ಹಾಯಿಸುವುದು ಅದರ ಮೇಲೆಯೇ. ‘ಎಸ್ಟಿಮೇಟ್‌ಸ್ಮಾರ್ಟ್‌ಫೀ 6’ ಅಂತ ಹಾಕಿದರೆ ಆರು ಬ್ಲಾಕ್ ಒಳಗೆ ಸೇರಲು ಎಷ್ಟು ಕೊಡಬೇಕು ಅಂತ ತೋರಿಸುತ್ತದೆ. ಉತ್ತರ ಸೊನ್ನೆ ಸೊನ್ನೆ ಅಂತ ಶುರುವಾಗುತ್ತದೆ, ಯಾಕೆಂದರೆ ಅದು ಸಾವಿರ ವರ್ಚುವಲ್ ಬೈಟ್‌ಗೆ ಇಷ್ಟು ಬಿಟ್‌ಕಾಯಿನ್ ಅನ್ನುವ ಲೆಕ್ಕ. 1,00,000ದಿಂದ ಗುಣಿಸಿ, ಒಂದು ಬೈಟ್‌ಗೆ ಎಷ್ಟು ಸತೋಶಿ (ಬಿಟ್‌ಕಾಯಿನ್‌ನ ಅತಿ ಸಣ್ಣ ಪಾಲು) ಅಂತ ಸಿಗುತ್ತದೆ.

ಆದರೆ ಇದೆಲ್ಲಕ್ಕಿಂತ ಮೊದಲು ಭಾವನ ಹತ್ತಿರ ಟ್ರಾನ್ಸಾಕ್ಷನ್ ಐಡಿ ತರಿಸಿಕೊಳ್ಳಿ. ಐಡಿಯೇ ಇಲ್ಲ ಅಂದರೆ ಹಣ ಇನ್ನೂ ಎಕ್ಸ್‌ಚೇಂಜ್ ಬಿಟ್ಟು ಹೊರಟೇ ಇಲ್ಲ.

ಪೆರ್ಲದಿಂದ:
ಐಡಿ ಇಲ್ಲವಂತೆ. “ಪ್ರೊಸೆಸಿಂಗ್” ಅಂತ ಮಾತ್ರ ತೋರಿಸುತ್ತಿದೆಯಂತೆ. ಬ್ಲಾಕ್ ಸಂಖ್ಯೆ ಎರಡೂ ಕಡೆ ಒಂದೇ ಇದೆ. ಆದರೆ ನನ್ನ ನೋಡ್‌ಗೆ 10 ಕನೆಕ್ಷನ್ ಮಾತ್ರ. ಕಡಿಮೆಯಾಯ್ತಲ್ವಾ?

ನೀರ್ಚಾಲಿನಿಂದ:
ಅಷ್ಟೇ ಇರುವುದು ಮಾರಾಯ್ರೆ. ಕೋರ್ ತಾನಾಗಿ ಹೊರಗೆ ಮಾಡುವ ಕನೆಕ್ಷನ್‌ಗಳೇ 10. ಎಂಟು ಎಲ್ಲದಕ್ಕೂ, ಎರಡು ಬ್ಲಾಕ್‌ಗೆ ಮಾತ್ರ. ಹೊರಗಿನವರು ನಿಮ್ಮ ನೋಡ್‌ಗೆ ಬರಬೇಕಾದರೆ ರೂಟರ್‌ನಲ್ಲಿ 8333 ಪೋರ್ಟ್ ತೆರೆದಿರಬೇಕು. ಅದು ಇಲ್ಲದಿದ್ದರೂ ನೋಡುವುದಕ್ಕೆ ಏನೂ ತೊಂದರೆ ಇಲ್ಲ. ಐಡಿ ಕೊಡದವರಿಗೆ ಇನ್ನೊಮ್ಮೆ ಫೋನ್ ಹಾಕಿಸಿ.

ಮಂಜೇಶ್ವರದಿಂದ:
ಹ್ಯಾಶ್‌ರೇಟ್ (ಹೊಸ ಬ್ಲಾಕ್ ಮಾಡುವ ಮೈನರ್‌ಗಳ ಒಟ್ಟು ಕಂಪ್ಯೂಟರ್ ಶಕ್ತಿ) ಗ್ರಾಫ್ ನೋಡಿ ಗಾಬರಿಯಾಗುವವರು ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ. ಅದನ್ನು ಯಾರೂ ಅಳೆಯುವುದಿಲ್ಲ. ಬ್ಲಾಕ್ ಬಂದ ವೇಗದಿಂದ ಹಿಂದಕ್ಕೆ ಲೆಕ್ಕ ಹಾಕುವುದು. ಒಂದು ದಿನ ಬ್ಲಾಕ್ ನಿಧಾನವಾಗಿ ಬಂದರೆ ಗ್ರಾಫ್ ಕುಸಿದಂತೆ ಕಾಣುತ್ತದೆ. ನೋಡುವುದಾದರೆ ಏಳು ದಿನದ ಸರಾಸರಿ ನೋಡಿ. ನಿಜವಾದ ಕುಸಿತ ಅಂದರೆ 2021ರದ್ದು. ಚೀನಾ ಮೈನಿಂಗ್ ನಿಲ್ಲಿಸಿದಾಗ ಹ್ಯಾಶ್‌ರೇಟ್ ಸುಮಾರು ಅರ್ಧಕ್ಕೆ ಇಳಿಯಿತು. ಪ್ರತಿ 2016 ಬ್ಲಾಕ್‌ಗೊಮ್ಮೆ ಬ್ಲಾಕ್ ಮಾಡುವ ಕಷ್ಟದ ಮಟ್ಟ ತಾನೇ ಬದಲಾಗುತ್ತದೆ. ಆ ಜುಲೈ ಮೊದಲ ವಾರದಲ್ಲಿ ಅದು ಸುಮಾರು 28 ಶೇಕಡಾ ಇಳಿಯಿತು. ಅದಕ್ಕೆ ಮುಂಚೆ ಬ್ಲಾಕ್‌ಗಳು ನಿಧಾನವಾಗಿ ಬಂದವು, ಆದರೆ ನಿಲ್ಲಲಿಲ್ಲ.

ಉಪ್ಪಳದಿಂದ:
ಗಲ್ಫ್‌ನಿಂದ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ) ತರಿಸುವವರಿಗೆ ಒಂದು ಮಾತು. ಯಾವ ಚೈನ್‌ನಲ್ಲಿ ಕಳಿಸಿದ್ದು ಅಂತ ಮೊದಲು ಕೇಳಿ. ಟ್ರಾನ್ ಆದರೆ ಟ್ರಾನ್‌ಸ್ಕ್ಯಾನ್, ಇಥೀರಿಯಂ ಆದರೆ ಈಥರ್‌ಸ್ಕ್ಯಾನ್. ತಪ್ಪು ಎಕ್ಸ್‌ಪ್ಲೋರರ್‌ನಲ್ಲಿ ಹುಡುಕಿ “ಹಣ ಹೋಯ್ತು” ಅಂತ ಅತ್ತವರನ್ನು ಕಂಡಿದ್ದೇನೆ.

ಕುಂಬಳೆಯವರ ಲೆಕ್ಕ ಇಥೀರಿಯಂಗೆ ಸಾಕಾಗುವುದಿಲ್ಲ. ಅಲ್ಲಿ 12 ಸೆಕೆಂಡಿಗೊಂದು ಬ್ಲಾಕ್ ಬರುತ್ತಾ ಇರಬಹುದು, ಆದರೆ ಅವು ಖಾಯಂ ಆಗುತ್ತಿವೆಯಾ ಅನ್ನುವುದು ಬೇರೆ ವಿಷಯ. ಅದಕ್ಕೆ ‘ಫೈನಲೈಸ್ಡ್’ ಅನ್ನುತ್ತಾರೆ. ಮಾಮೂಲಿಯಾಗಿ ಸುಮಾರು 13 ನಿಮಿಷ ಬೇಕು. 2023ರ ಮೇ 11 ಮತ್ತು 12ರಂದು ಅದು ನಿಂತಿತ್ತು, ಎರಡನೇ ದಿನ ಒಂದು ಗಂಟೆಗೂ ಜಾಸ್ತಿ. ಅಷ್ಟು ಹೊತ್ತೂ ವಹಿವಾಟು ನಡೆಯುತ್ತಲೇ ಇತ್ತು! ಬೀಕನ್ ಚೈನ್ (ಇಥೀರಿಯಂ ಬ್ಲಾಕ್‌ಗಳಿಗೆ ಮತ ಬೀಳುವ ಪದರ) ತೋರಿಸುವ ಎಕ್ಸ್‌ಪ್ಲೋರರ್‌ನಲ್ಲಿ ಮತ ಹಾಕುವವರ ಭಾಗವಹಿಸುವಿಕೆಯ ಶೇಕಡಾ ನೋಡಿ. ಮೂರರಲ್ಲಿ ಎರಡು ಪಾಲಿಗಿಂತ ಕೆಳಗೆ ಹೋದರೆ ಖಾಯಂ ಆಗುವುದಿಲ್ಲ. ಸೊಲಾನಾದ್ದು ಮತ್ತೆ ಬೇರೆ. 2024ರ ಫೆಬ್ರವರಿ 6ರಂದು ಇಡೀ ನೆಟ್‌ವರ್ಕೇ ಸುಮಾರು ಐದು ಗಂಟೆ ನಿಂತಿತ್ತು. ಅಂಥ ದಿನ ಎಕ್ಸ್‌ಚೇಂಜ್‌ನವರು ಹೇಳಿದ್ದನ್ನು ನಂಬಲೇಬೇಕು.

ಇನ್ನೊಂದು, ಸಹಾಯ ಮಾಡುತ್ತೇನೆ ಅಂತ ಮೆಸೇಜ್ ಹಾಕಿ ವಾಲೆಟ್‌ನ ಹನ್ನೆರಡು ರಹಸ್ಯ ಪದ ಕೇಳುವವರಿಗೆ ಉತ್ತರವನ್ನೇ ಕೊಡಬೇಡಿ. ಮೇಲೆ ಹೇಳಿದ ಯಾವುದನ್ನು ನೋಡಲೂ ಅದು ಬೇಕಾಗಿಲ್ಲ.

ಮುಳ್ಳೇರಿಯದಿಂದ:
ಯಾರೂ ಹೇಳದ ಒಂದು ಕಮಾಂಡ್ ಉಂಟು, ‘ಗೆಟ್‌ಚೈನ್‌ಟಿಪ್ಸ್’. ಸರಣಿ ಎಲ್ಲಾದರೂ ಕವಲೊಡೆದಿದೆಯಾ ಅಂತ ತೋರಿಸುತ್ತದೆ. ‘ಬ್ರಾಂಚ್‌ಲೆನ್’ (ಕವಲಿನ ಉದ್ದ) 1 ಇದ್ದರೆ ಬಿಟ್ಟುಬಿಡಿ, ಇಬ್ಬರು ಮೈನರ್‌ಗಳು ಹೆಚ್ಚುಕಡಿಮೆ ಒಟ್ಟಿಗೇ ಬ್ಲಾಕ್ ಮಾಡಿದರೆ ಹಾಗಾಗುತ್ತದೆ. 2013ರ ಮಾರ್ಚ್‌ನಲ್ಲಿ ಬಿಟ್‌ಕಾಯಿನ್ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಒಂದು ಕಡೆ, ಹಳೇ ಆವೃತ್ತಿ ಇನ್ನೊಂದು ಕಡೆ ಹೋಗಿ, ಇಪ್ಪತ್ತಕ್ಕೂ ಜಾಸ್ತಿ ಬ್ಲಾಕ್‌ಗಳು ಕಡೆಗೆ ರದ್ದಾದವು. ಹಳೇ ಕವಲುಗಳು ಪಟ್ಟಿಯಲ್ಲಿ ಹಾಗೇ ಉಳಿದಿರುತ್ತವೆ, ಆದ್ದರಿಂದ ‘ಹೈಟ್’ (ಬ್ಲಾಕ್ ಸಂಖ್ಯೆ) ಇವತ್ತಿನದ್ದಾ ಅಂತ ನೋಡಿ. ಇವತ್ತಿನದ್ದೇ ಆಗಿ ಉದ್ದ 3, 4 ಅಂತ ಕಂಡರೆ ದೊಡ್ಡ ಮೊತ್ತಕ್ಕೆ ಆರು ಕನ್‌ಫರ್ಮೇಷನ್ (ವಹಿವಾಟು ಸೇರಿದ ಬ್ಲಾಕ್ ಮತ್ತು ಅದರ ಮೇಲೆ ಬಂದ ಬ್ಲಾಕ್‌ಗಳ ಎಣಿಕೆ) ಸಾಲದು, ಇನ್ನಷ್ಟು ಕಾಯಿರಿ. ನನ್ನ ನೋಡ್‌ನಲ್ಲಿ ಈಗ ಅಂಥದ್ದೇನೂ ಕಾಣುವುದಿಲ್ಲ.